ಊಟ ಆದ ಮೇಲೆ

“ಊಟ ಆದ್ಮೇಲೆ ಬಾ ಅಂದಿದ್ದೆ. ಇದೇನೇ, ಬರೋ ಹೊತ್ತಾ ಇದು?”

ಹೆಟ್ಟಿ ಗಾಟ್ಸ್ ಬಾಗಿಲನ್ನು ಅರ್ಧ ತೆರೆದು, ರಾತ್ರಿ ಅಂಗಿಯ ಮೇಲೆ ಸತ್ತ ಗಂಡನ ಉಣ್ಣೆ ಕೋಟು ಹೊದ್ದುಕೊಂಡು ನಿಂತಿದ್ದಳು. ತೊಂಬತ್ತೊಂದು ವರ್ಷದ ಮುದುಕಿ. ಹಲ್ಲಿನ ಸೆಟ್ಟು ಆಗಲೇ ತೆಗೆದಿಟ್ಟಾಗಿತ್ತು. ಮಾತಿನ ಹರಿತ ಮಾತ್ರ ಹಾಗೇ ಇತ್ತು.

ನಾನು ಗಡಿಯಾರ ನೋಡಿಕೊಂಡೆ. ಎಂಟಕ್ಕೆ ಐದು ನಿಮಿಷ ಕಮ್ಮಿ. ಜೂನ್ ತಿಂಗಳು, ನಮ್ಮ ನಾರ್ಫೋಕ್ ಕಡೆ ಆ ಹೊತ್ತಿಗೆ ಬಿಸಿಲಿನ್ನೂ ಚರ್ಚಿನ ಗೋಪುರದಿಂದ ಇಳಿದಿರುವುದಿಲ್ಲ.

“ಸರಿಯಾದ ಹೊತ್ತಿಗೇ ಬಂದೆ ಅಂದ್ಕೊಂಡಿದ್ದೆ, ಮಿಸೆಸ್ ಗಾಟ್ಸ್. ದಾರೀಲಿ ಊಟ ಮುಗಿಸಿಕೊಂಡೇ ಬಂದೆ.”

“ದಾರೀಲಿ ಊಟ ಮಾಡಿದ್ಳಂತೆ! ಒಂದು ಗಂಟೆಯಿಂದ ಕಾದೆ ಕಣೇ. ನಿನಗೆ ಅಂತ ಸೇಬಿನ ಪೈ ಬೇರೆ ಮಾಡಿಟ್ಟಿದ್ದೆ. ಎರಡಾಯ್ತು, ಮೂರಾಯ್ತು. ನಾಲ್ಕಕ್ಕೆ ಟೀ ಕುಡಿದು, ಪೊಲೀಸ್ ಹುಡುಗಿ ದೊಡ್ಡ ಮನುಷ್ಯಳಾಗಿಬಿಟ್ಟಳು, ಇನ್ನು ಬರಲ್ಲ ಅಂತ ಪೈನ ಕೋಳಿಗಳಿಗೆ ಹಾಕಿದೆ. ಅವಕ್ಕೇನು, ಹಬ್ಬ. ಬಾ ಒಳಗೆ, ಥಂಡಿ ಹೊಡೀತಿದೆ.”

ಪೊಲೀಸ್ ಹುಡುಗಿ! ನನಗೀಗ ಐವತ್ತೆರಡು. ಕೆಲಸದಿಂದ ನಿವೃತ್ತಳಾಗಿ ಒಂದು ವರ್ಷ. ಆದರೂ ಈ ಊರಲ್ಲಿ ರೋಸಮಂಡ್ ಕೀಬಲ್ ಅಂದರೆ ಯಾರಿಗೂ ಗೊತ್ತಾಗುವುದಿಲ್ಲ, ಪೊಲೀಸ್ ಹುಡುಗಿ ಅಂದರೆ ಎಲ್ಲರಿಗೂ ಗೊತ್ತು.

ಮುದುಕಿಗೆ ವಯಸ್ಸಾಯಿತು, ಹೊತ್ತು ಗೊತ್ತು ಕಲಸಿಹೋಗಿದೆ ಅಂದುಕೊಂಡೆ. ಅದಕ್ಕೇ ಆ ಮಾತನ್ನು ಅಲ್ಲೇ ಬಿಟ್ಟೆ. ಬಿಡಬಾರದಿತ್ತು.

ಅವಳು ಕುರ್ಚಿಯ ಮೇಲಿದ್ದ ಬೆಕ್ಕನ್ನು ಎಬ್ಬಿಸಿ ನನಗೆ ಜಾಗ ಮಾಡಿಕೊಟ್ಟಳು. ಆ ಕುರ್ಚಿ ನನಗೆ ಗುರುತಿತ್ತು, ಆ ಕಿಟಕಿಯೂ ಗುರುತಿತ್ತು. ಮೂವತ್ತು ವರ್ಷದ ಹಿಂದೆ ಇಲ್ಲೇ ಕೂತು, ಮೊಣಕಾಲ ಮೇಲೆ ನೋಟ್‌ಬುಕ್ ಇಟ್ಟುಕೊಂಡು ಇವಳ ಹೇಳಿಕೆ ಬರೆದುಕೊಂಡವಳು ನಾನು. ಆಗ ಹೊಸ ಪೇದೆ. ಟೋಪಿ ಕಿವಿಯ ಮೇಲೆ ಇಳಿಯುತ್ತಿತ್ತು.

ಕಿಟಕಿಯಾಚೆ ಥಾರ್ನ್‌ಸ್ಟೇತ್ ಊರಿನ ಧಕ್ಕೆ, ಹಿಂದೆ ಹಡಗು ಬಂದು ನಿಲ್ಲುತ್ತಿದ್ದ ಕಟ್ಟೆ. ಈಗ ಬರೀ ಹೆಸರಿಗೆ. ಹಡಗು ಕಟ್ಟುತ್ತಿದ್ದ ಕಬ್ಬಿಣದ ಬಳೆಗಳಿಗೆ ಹೆಟ್ಟಿ ಬಟ್ಟೆ ಒಣಹಾಕುವ ಹಗ್ಗ ಕಟ್ಟಿದ್ದಾಳೆ. ಹೂಳು ತುಂಬಿ ಸಮುದ್ರ ಒಂದೂವರೆ ಮೈಲಿ ಆಚೆ ಸರಿದು ಎಷ್ಟೋ ತಲೆಮಾರಾಯಿತು. ಉಳಿದದ್ದು ಒಂದು ತೋಡು, ಸಮುದ್ರದ ನೀರು ಬಂದುಹೋಗುವ ಕಾಲುವೆ. ದಿನಕ್ಕೆ ಎರಡು ಸಲ ಉಬ್ಬರದಲ್ಲಿ ತುಂಬುತ್ತದೆ, ಎರಡು ಸಲ ಬರಿದಾಗಿ ಬರೀ ಕೆಸರು ಕಾಣುತ್ತದೆ. ತೋಡಿನಾಚೆ ಒಂದು ಕುದುರು, ಪುಟ್ಟ ನಡುಗಡ್ಡೆ, ಕುದುರಿನ ಮೇಲೆ ರೇವಿನ ಕಾಲದ ಉಪ್ಪಿನ ಮಳಿಗೆ. ಲೆನರ್ಡ್ ಆಟಿಂಗ್ ತಲೆಯೊಡೆದು ಸತ್ತುಬಿದ್ದಿದ್ದು ಆ ಮಳಿಗೆಯಲ್ಲಿ.

“ವಿಲ್ಫ್ ಹೇಗಿದ್ದಾನೆ?” ಹೆಟ್ಟಿ ಕೇಳಿದಳು. ಮುಖ ನನ್ನ ಕಡೆ ತಿರುಗಿಸಲಿಲ್ಲ.

“ಎರಡು ವಾರ ಅಂತಾರೆ ನರ್ಸು. ಮೂರಾದರೆ ಹೆಚ್ಚು.”

“ಅಯ್ಯೋ.”

“ಸಾಯೋದಾದ್ರೆ ಥಾರ್ನ್‌ಸ್ಟೇತ್‌ನಲ್ಲಿ ಸಾಯ್ತೀನಿ ಅಂತಾನೆ. ಬೇರೇನೂ ಕೇಳ್ತಿಲ್ಲ.”

ಅದಕ್ಕೇ ನಾನು ಈ ಕಿಟಕಿಗೆ ಮತ್ತೆ ಬಂದದ್ದು. ವಿಲ್ಫ್ ಡ್ಯಾಕ್ ಈ ಊರಿನ ದೋಣಿಯವನು. ಆಟಿಂಗ್‌ನನ್ನು ಕೊಂದನೆಂದು ಹದಿನೆಂಟು ವರ್ಷ ಜೈಲಲ್ಲಿದ್ದ. ಆಮೇಲಿನ ಹನ್ನೆರಡು ವರ್ಷ ಷರತ್ತಿನ ಮೇಲೆ ಹೊರಗೆ. ಊರಿನ ಐದು ಮೈಲಿ ಒಳಗೆ ಕಾಲಿಡಕೂಡದು ಅನ್ನೋದೇ ಆ ಷರತ್ತು, ಯಾಕೆಂದರೆ ಆಟಿಂಗ್‌ನ ಹೆಂಡತಿ ಇನ್ನೂ ಇಲ್ಲೇ ಇದ್ದಾಳೆ. ಷರತ್ತು ಸಡಿಲಿಸಬೇಕಾದರೆ ಹಳೆಯ ಸಾಕ್ಷ್ಯದಲ್ಲಿ ಒಂದು ಬಿರುಕಾದರೂ ಕಾಣಬೇಕು, ಅದೂ ಬರಹದಲ್ಲಿ, ಸಹಿಯ ಸಮೇತ, ನಾಳೆ ಬೆಳಿಗ್ಗೆ ಹತ್ತರೊಳಗೆ ಎಂದಿದ್ದಳು ವಕೀಲೆ.

ಬಿರುಕು ಎಲ್ಲಿಂದ ತರಲಿ? ಆ ಮೊಕದ್ದಮೆ ಅಷ್ಟು ಬಿಗಿಯಾಗಿತ್ತು.

ಆಟಿಂಗ್ ಈ ಧಕ್ಕೆಯನ್ನು ಕೊಂಡುಕೊಂಡು, ರಜೆಗೆ ಬರುವವರಿಗೆ ಮನೆ ಕಟ್ಟಿಸುತ್ತೇನೆಂದು ದೋಣಿ ಇಳಿಸುವ ಜಾಗಕ್ಕೆ ಸರಪಳಿ ಹಾಕಿಸಿದ್ದ. ಬೇರೆಯವರು ಗೊಣಗಿಕೊಂಡು ದೋಣಿಗಳನ್ನು ಪಕ್ಕದ ಊರಿಗೆ ಸಾಗಿಸಿದರು. ವಿಲ್ಫ್ ಮಾತ್ರ ಸರಪಳಿ ಕತ್ತರಿಸಿ ಎಸೆದ. ಹಾಗಾಗಿ ಆ ಭಾನುವಾರ ಇಲ್ಲಿ ನೀರಿನಲ್ಲಿದ್ದದ್ದು ಅವನದೊಂದೇ ದೋಣಿ. ಎಂಟು ಗಂಟೆಗೆ ಉಬ್ಬರ ತುಂಬಿತ್ತು. ಎಂಟು ಗಂಟೆಗೆ ಆಟಿಂಗ್ ಕುದುರಿಗೆ ಹೋಗಿದ್ದನ್ನು ಹೆಟ್ಟಿ ನೋಡಿದ್ದಳು. ದೋಣಿಯಿಲ್ಲದೆ ಹೋಗಲು ಸಾಧ್ಯವಿಲ್ಲ. ಊರಿನ ಉಳಿದ ಗಂಡಸರೆಲ್ಲ ಎಂಟು ಗಂಟೆಗೆ ಹೆಂಡದಂಗಡಿಯಲ್ಲಿ ಡಾರ್ಟ್ಸ್ ಪಂದ್ಯ ಆಡುತ್ತಿದ್ದರು, ಎದುರು ಊರಿನ ಹನ್ನೆರಡು ಜನ ಸಾಕ್ಷಿ. ವಿಲ್ಫ್ ಒಬ್ಬನೇ ತೋಡಿನಲ್ಲಿ ಮೀನು ಹಿಡಿಯುತ್ತಿದ್ದೆ ಅಂದ.

ಯಾರು ನಂಬುತ್ತಾರೆ?

“ಒಂದೇ ಒಂದು ಮಾತು ಕೇಳೋಕೆ ಬಂದೆ,” ಎಂದೆ. “ಆವತ್ತು ಆಟಿಂಗ್ ಹೋಗಿದ್ದನ್ನ ನೋಡಿದಿರಲ್ಲ, ದೋಣಿ ನೋಡಿದಿರಾ? ದೋಣೀಲಿ ಇನ್ನೊಬ್ಬ ಯಾರಾದ್ರೂ ಇದ್ರಾ?”

“ಯಾವ ದೋಣಿ?”

“ಆಟಿಂಗ್ ಹೋದ ದೋಣಿ.”

“ಅವನೆಲ್ಲಿ ದೋಣೀಲಿ ಹೋದ? ನಡಕೊಂಡು ಹೋದ. ಮೊಣಕಾಲುದ್ದದ ಬೂಟು ಹಾಕ್ಕೊಂಡು, ಒಳ್ಳೆ ಬಾತುಕೋಳಿ ಹಾಗೆ ಕೆಸರಲ್ಲಿ ಕಾಲೆತ್ತಿ ಎತ್ತಿ ಇಡ್ತಾ. ನಗು ಬಂತು ನನಗೆ. ಪಟ್ಟಣದೋರಿಗೆ ಕೆಸರಲ್ಲಿ ನಡೆಯೋಕೆ ಬರಲ್ಲ.”

ನಾನು ಕಿಟಕಿಯಿಂದ ಹೊರಗೆ ನೋಡಿದೆ. ಇವತ್ತೂ ದೊಡ್ಡ ಉಬ್ಬರವೇ. ತೋಡು ದಡ ಮುಟ್ಟಿ ತುಂಬಿ, ಕುದುರು ನೀರ ಮಧ್ಯೆ ತೇಲಿದಂತೆ ಕಾಣುತ್ತಿತ್ತು.

“ಮಿಸೆಸ್ ಗಾಟ್ಸ್, ಅಲ್ಲಿ ನೋಡಿ. ಆವತ್ತೂ ಹೀಗೇ ನೀರಿತ್ತು. ಇದರಲ್ಲಿ ನಡಕೊಂಡು ಹೋಗೋಕಾಗುತ್ತಾ?”

“ಈಗ ಹೋದ್ರೆ ಟೋಪಿ ಒಂದೇ ಆ ದಡ ಸೇರೋದು. ನಾನೆಲ್ಲಿ ಈ ಹೊತ್ತಲ್ಲಿ ಹೋದ ಅಂದೆ? ಊಟ ಆದ್ಮೇಲೆ ಹೋದ ಅಂದೆ.”

“ಹೌದು, ಊಟ ಆದ ಮೇಲೆ...”

ನಾನು ಬಂದಾಗ ಬಾಗಿಲಲ್ಲಿ ಅವಳು ಅಂದದ್ದು ನೆನಪಾಯಿತು.

ಒಂದು ಗಂಟೆಯಿಂದ ಕಾದೆ ಕಣೇ. ಪೈನ ಕೋಳಿಗಳಿಗೆ ಹಾಕಿದೆ.

“ನೀವು...” ಕಿಟಕಿ ಬಿಟ್ಟು ಅವಳ ಕಡೆ ತಿರುಗಿದೆ. “ನೀವು ಊಟ ಮಾಡೋದು ಎಷ್ಟು ಗಂಟೆಗೆ?”

“ಎಷ್ಟು ಗಂಟೆಗೆ ಅಂದ್ರೆ? ಎಲ್ಲರೂ ಮಾಡೋ ಹೊತ್ತಿಗೆ. ಹನ್ನೆರಡೂವರೆಗೆ. ಭಾನುವಾರ ಒಂದು, ಚರ್ಚಿಂದ ಬಂದ್ಮೇಲೆ.”

“ಮತ್ತೆ ಈ ಹೊತ್ತಿಗೆ?”

“ಈ ಹೊತ್ತಿಗೆ ಒಂದು ಚೂರು ಬ್ರೆಡ್ಡು, ಚೀಸು. ಅದನ್ನ ಊಟ ಅಂತಾರಾ ಯಾರಾದ್ರೂ? ರಾತ್ರಿ ಎಂಟಕ್ಕೆ ಮೇಣದಬತ್ತಿ ಹಚ್ಚಿ ಊಟ ಮಾಡೋಕೆ ನಾವೇನು ಬಂಗಲೆ ದೊರೆಗಳಾ?”

ನಮ್ಮಪ್ಪ ನಾರಿಚ್ ನಗರದಲ್ಲಿ ಡಾಕ್ಟರು. ನಮ್ಮ ಮನೆಯಲ್ಲಿ ಮಧ್ಯಾಹ್ನ ಎಲ್ಲರೂ ನಿಂತುಕೊಂಡೇ ಎರಡು ಸ್ಯಾಂಡ್‌ವಿಚ್ ತಿನ್ನುತ್ತಿದ್ದೆವು. ಊಟ ಅನ್ನುವ ಮಾತು ರಾತ್ರಿ ಎಂಟು ಗಂಟೆಗೇ ಮೀಸಲು. ನಾನು ಹುಟ್ಟಿದಾಗಿನಿಂದ ಊಟ ಎಂದರೆ ಎಂಟು. ಈ ತೋಡಿನ ದಡದಲ್ಲಿ ಊಟ ಅಂದರೆ ಸೂರ್ಯ ನೆತ್ತಿಯ ಮೇಲಿರುವ ಹೊತ್ತು, ಅದು ನನಗೆ ಗೊತ್ತಿರಬೇಕಾಗಿತ್ತು. ಅದೇ ಜಿಲ್ಲೆಯವಳು ನಾನು. ಮನೆಗಳ ಮಧ್ಯೆ ಮೂವತ್ತು ಮೈಲಿಯೂ ಇಲ್ಲ.

ಹಳೆಯ ನೋಟ್‌ಬುಕ್ ಚೀಲದಲ್ಲೇ ಇತ್ತು. ತೆಗೆದೆ. ನೀಲಿ ಶಾಯಿ, ದುಂಡನೆಯ ಅಕ್ಷರ, ಶಾಲೆಯ ಹುಡುಗಿಯ ಹಾಗೆ. ‘ಊಟ ಆದ ಮೇಲೆ ಆಟಿಂಗ್ ದೊರೆ ಕುದುರಿಗೆ ಹೋಗುವುದನ್ನು ಕಂಡೆ.’ ಅದರ ಪಕ್ಕ ಒಂದು ಕಂಸ. ಕಂಸದೊಳಗೆ: ‘ರಾತ್ರಿ ಸುಮಾರು ಎಂಟು’.

ಕಂಸದೊಳಗಿನ ಮಾತು ಹೆಟ್ಟಿ ಆಡಿದ್ದಲ್ಲ. ನಾನು ಸೇರಿಸಿದ್ದು. ಸಾರ್ಜೆಂಟ್ ಅದನ್ನು ಟೈಪ್ ಮಾಡಿಸುವಾಗ ಕಂಸ ತೆಗೆದುಬಿಟ್ಟ, ಒಳಗಿದ್ದದ್ದು ಉಳಿಯಿತು. ಅದಕ್ಕೆ ಹೆಟ್ಟಿ ಕನ್ನಡಕವಿಲ್ಲದೆ ಸಹಿ ಹಾಕಿದಳು. ವಿಚಾರಣೆಯ ಹೊತ್ತಿಗೆ ಸೊಂಟ ಮುರಿದುಕೊಂಡು ಆಸ್ಪತ್ರೆ ಸೇರಿದ್ದಳು, ಅವಳ ಬದಲು ಕಾಗದವನ್ನೇ ಓದಿದರು.

ಹೆಣ ಪರೀಕ್ಷೆ ಮಾಡಿದ ಡಾಕ್ಟರು ಹೇಳಿದ್ದು, ಆಟಿಂಗ್ ಸತ್ತದ್ದು ಭಾನುವಾರ ಮಧ್ಯಾಹ್ನದಿಂದ ರಾತ್ರಿ ಹತ್ತರೊಳಗೆ ಅಂತ. ನನ್ನ ಕಂಸ ಮಧ್ಯಾಹ್ನವನ್ನು ನುಂಗಿಹಾಕಿತ್ತು. ಒಂದೂವರೆ ಗಂಟೆಗೆ ತೋಡು ಬರಿದಾಗಿರುತ್ತದೆ. ದೋಣಿ ಬೇಡ. ಬೂಟಿದ್ದರೆ ಸಾಕು, ಯಾರು ಬೇಕಾದರೂ ನಡೆದು ಹೋಗಬಹುದು. ಒಂದೂವರೆ ಗಂಟೆಗೆ ನೀವೆಲ್ಲಿದ್ದಿರಿ ಎಂದು ನಾವು ಈ ಊರಲ್ಲಿ ಒಬ್ಬರನ್ನೂ ಕೇಳಿರಲಿಲ್ಲ.

“ಏನಾಯ್ತೇ? ಮುಖ ಯಾಕೆ ಹಿಟ್ಟಾಯ್ತು? ನೀರು ಕುಡೀತೀಯಾ?”

ಹೇಳಿದೆ. ತಡೆದು ತಡೆದು ಎಲ್ಲವನ್ನೂ ಹೇಳಿದೆ. ಹೆಟ್ಟಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಕೇಳಿದಳು.

“ನನ್ನ ಮಾತಿನ ಮೇಲೆ ಹಾಕಿದ್ರಾ ಅವನನ್ನ ಒಳಗೆ?”

“ನಿಮ್ಮ ಮಾತಲ್ಲ. ನಾನು ಬರೆದದ್ದು.”

“ಆಟಿಂಗ್‌ನ ಸರಪಳಿ ಕತ್ತರಿಸಿ ಎಸೆದಿದ್ನಲ್ಲ, ಅದಕ್ಕೇ ಹಾಕಿದ್ರು ಅಂದ್ಕೊಂಡಿದ್ದೆ ನಾನು. ಮೂವತ್ತು ವರ್ಷದಿಂದ ಅವನು ನನ್ನ ಹೆಸರೆತ್ತಿದ್ರೆ ಉಗೀತಾನಂತೆ. ಯಾಕೆ ಅಂತ ನನಗೆ ಗೊತ್ತಾಗ್ಲೇ ಇಲ್ಲ. ಒಂದೇ ಬೆಂಚಲ್ಲಿ ಕೂತು ಅಕ್ಷರ ಕಲಿತೋರು ನಾವು. ನನ್ನ ಕೂದಲು ಎಳೀತಿದ್ದ, ನಾನು ಅವನ ಕೈ ಕಚ್ಚಿದ್ದೆ.” ಅವಳು ಕೋಟಿನ ತೋಳಿನಿಂದ ಮೂಗು ಒರೆಸಿಕೊಂಡಳು. “ನಾನು ಸುಳ್ಳು ಹೇಳ್ದೆ ಅಂದ್ಕೊಂಡಿದ್ದಾನಲ್ಲ, ಪಾಪಿ.”

“ಕೋರ್ಟಲ್ಲಿ ಏನು ಓದಿದ್ರು ಅಂತ ನಿಮಗೆ ಯಾರೂ ಹೇಳಲಿಲ್ವಾ?”

“ನನ್ನ ಕಾಗದ ಓದಿದ್ರು ಅಂತ ನೆವಿಲ್ ಹೇಳ್ದ. ಏನು ಓದಿದ್ರು ಅಂತ ಹೇಳ್ಲಿಲ್ಲ. ನಾನೂ ಕೇಳ್ಲಿಲ್ಲ, ಸೊಂಟದ ನೋವಲ್ಲಿ ನರಳ್ತಿದ್ದೆ.”

“ನೆವಿಲ್ ಕೋರ್ಟಿಗೆ ಬಂದಿದ್ರಾ?”

“ಅಷ್ಟು ದಿನವೂ ಹೋಗಿದ್ದ. ಕೆಲಸ ಬಿಟ್ಟು. ಆಮೇಲೂ ಜೈಲಿಗೆ ಹೋಗಿ ವಿಲ್ಫ್‌ನ ನೋಡ್ಕೊಂಡು ಬಂದೋನು ಈ ಊರಲ್ಲಿ ಅವನೊಬ್ಬನೇ. ಪ್ರತಿ ಕ್ರಿಸ್ಮಸ್, ಪ್ರತಿ ಹುಟ್ಟುಹಬ್ಬ. ತಂಬಾಕು ತಗೊಂಡು ಹೋಗ್ತಿದ್ದ, ಜೌಗಿನ ಸೊಪ್ಪಿನ ಉಪ್ಪಿನಕಾಯಿ ಬಾಟ್ಲಿ. ಬೆಣ್ಣೆ ಮನಸ್ಸು ನನ್ನ ಮಗಂದು.”

ವಿಲ್ಫ್ ಕೂಡ ಇದನ್ನೇ ಹೇಳಿದ್ದ. ಊರೆಲ್ಲ ಮರೆತರೂ ನೆವಿಲ್ ಗಾಟ್ಸ್ ಮರೆಯಲಿಲ್ಲ ಅಂತ. ಅದನ್ನು ಕೇಳಿ ನನಗೆ ಕಣ್ಣು ತುಂಬಿತ್ತು. ಅರವತ್ತಮೂರು ವರ್ಷದ ಮನುಷ್ಯ, ದೋಣಿ ರಿಪೇರಿಯವನು, ಯಾರ ಗೋಜಿಗೂ ಹೋಗದವನು. ಧಕ್ಕೆಯ ಕೊನೆಯ ಶೆಡ್ಡು ಅವನದು. ಆಟಿಂಗ್ ಆ ಶೆಡ್ಡನ್ನೂ ಖಾಲಿ ಮಾಡು ಎಂದು ನೋಟೀಸು ಕೊಟ್ಟಿದ್ದ. ಆದರೆ ನೋಟೀಸು ಊರಲ್ಲಿ ಒಂಬತ್ತು ಜನಕ್ಕೆ ಹೋಗಿತ್ತು, ಎಂಟು ಗಂಟೆಗೆ ನೆವಿಲ್ ಡಾರ್ಟ್ಸ್ ಎಸೆಯುತ್ತಿದ್ದ.

ಎಂಟು ಗಂಟೆಗೆ.

ಆ ಯೋಚನೆಯನ್ನು ಪಕ್ಕಕ್ಕಿಟ್ಟೆ. ಮೊದಲು ವಿಲ್ಫ್.

“ಮಿಸೆಸ್ ಗಾಟ್ಸ್, ಈಗ ಹೇಳಿದ್ದನ್ನೇ ಮತ್ತೊಂದು ಸಲ ಹೇಳಿ. ಬರೆದುಕೊಳ್ತೀನಿ. ನೀವು ಸಹಿ ಹಾಕಿ. ಅಷ್ಟಾದರೆ ಅವನು ಊರಿಗೆ ಬರಬಹುದು.”

“ಈ ಕಿಟಕೀಲಿ ಕೂರಿಸ್ತೀನಿ ಅವನನ್ನ,” ಎಂದಳು ಹೆಟ್ಟಿ ಒಮ್ಮೆಗೇ. “ಮಂಚ ಇಲ್ಲಿಗೇ ಹಾಕ್ಸೋಣ. ತೋಡು ಕಾಣುತ್ತೆ. ಬರೆಯೇ ಹುಡುಗಿ, ಬೇಗ ಬರಿ. ಈ ಸಲ ಕನ್ನಡಕ ಹಾಕ್ಕೊಂಡೇ ಸಹಿ ಹಾಕ್ತೀನಿ.”

ಅವಳು ಎದ್ದು ಕನ್ನಡಕ ಹುಡುಕತೊಡಗಿದಳು. ನಾನು ಚೀಲದಿಂದ ಹೊಸ ಹಾಳೆ ತೆಗೆದು ಮೊಣಕಾಲ ಮೇಲಿಟ್ಟುಕೊಂಡೆ. ಮೂವತ್ತು ವರ್ಷದಲ್ಲಿ ಒಂದು ಸಲ, ಒಂದೇ ಒಂದು ಸಲ, ಮಾಡಿದ್ದನ್ನು ಸರಿಮಾಡುವ ಅವಕಾಶ ಸಿಕ್ಕಿದೆ ಅನ್ನಿಸಿತು. ಈ ಸಲ ನನ್ನ ಕಡೆಯಿಂದ ಒಂದು ಅಕ್ಷರವನ್ನೂ ಸೇರಿಸಬಾರದು. ಎಲ್ಲ ಅವಳ ಬಾಯಿಂದಲೇ ಬರಬೇಕು. ಅದಕ್ಕೇ ಕೇಳಬಾರದ ಪ್ರಶ್ನೆ ಕೇಳಿದೆ.

“ಮಧ್ಯಾಹ್ನದ ಊಟ ಆದ್ಮೇಲೇ ಅಂತ ಹೇಗೆ ಅಷ್ಟು ಗಟ್ಟಿಯಾಗಿ ಹೇಳ್ತೀರಿ? ವಕೀಲೆ ಕೇಳ್ತಾಳೆ. ಆ ಹೊತ್ತಲ್ಲಿ ಕಿಟಕೀಲಿ ಏನು ಮಾಡ್ತಿದ್ರಿ?”

“ದಾರಿ ಕಾಯ್ತಿದ್ದೆ. ನಮ್ಮ ಊಟ ಆಗಿತ್ತು. ಒಂದು ತಟ್ಟೆ ಬಡಿಸಿದ್ದು ಹಾಗೇ ಇತ್ತು. ಮಾಂಸ, ಆಲೂಗಡ್ಡೆ, ಎಲ್ಲ ಆರಿಹೋಗುತ್ತೆ ಅಂತ ಅದರ ಮೇಲೆ ಇನ್ನೊಂದು ತಟ್ಟೆ ಬೋರಲು ಹಾಕಿ, ಕುದಿಯೋ ನೀರಿನ ಪಾತ್ರೆ ಮೇಲೆ ಇಟ್ಟೆ. ಎಷ್ಟು ಹೊತ್ತಾದ್ರೂ ಬರ್ಲಿಲ್ಲ. ಭಾನುವಾರದ ಊಟಕ್ಕೆ ಈ ಮನೇಲಿ ನಾವು ಮೂರು ಜನದಲ್ಲಿ ಯಾರೂ ತಪ್ಪಿಸ್ಕೊಂಡೋರಲ್ಲ. ಎಲ್ಲಿ ಹೋದ ಅಂತ ಬಂದು ಬಂದು ನೋಡ್ತಿದ್ದೆ. ಆಗಲೇ ಆಟಿಂಗ್...”

ಕನ್ನಡಕ ಸಿಕ್ಕಿತ್ತು. ಒಂದು ಕಡ್ಡಿ ಕಿವಿಗೆ ಸಿಕ್ಕಿಸಿಕೊಂಡಿದ್ದಳು, ಇನ್ನೊಂದು ಕೈಯಲ್ಲೇ ಇತ್ತು. ಹಾಗೇ ನಿಂತಳು.

ನಾನು ಪೆನ್ನು ಎತ್ತಲಿಲ್ಲ. “ಯಾರು ಬಂದಿರಲಿಲ್ಲ, ಮಿಸೆಸ್ ಗಾಟ್ಸ್?”

ಬೆಕ್ಕು ಅವಳ ಕಾಲು ಸುತ್ತಿತು. ಅವಳು ನೋಡಲಿಲ್ಲ.

“ಯಾರ ತಟ್ಟೆ ಅದು?”

ಹೆಟ್ಟಿ ನಿಧಾನವಾಗಿ ಕನ್ನಡಕ ತೆಗೆದಳು. ಮಡಿಸಿದಳು. ಕೋಟಿನ ಜೇಬಿಗೆ ಹಾಕಿಕೊಂಡಳು.

“ಎಂಟು ಗಂಟೆ,” ಎಂದಳು.

“ಏನು?”

“ಆಟಿಂಗ್ ಹೋದದ್ದು ರಾತ್ರಿ ಎಂಟು ಗಂಟೆಗೆ. ನಾನು ಆಗಲೇ ಹೇಳಿದ್ದೀನಲ್ಲ. ಸಹಿ ಹಾಕಿದ್ದೀನಲ್ಲ.”

“ಮಿಸೆಸ್ ಗಾಟ್ಸ್...”

“ಮುದುಕಿ ನಾನು. ನೆನ್ನೆಯದು ಇವತ್ತು ನೆನಪಿರಲ್ಲ. ಯಾವ ಭಾನುವಾರದ ತಟ್ಟೆನೋ ಯಾವ ಭಾನುವಾರಕ್ಕೋ ಸೇರಿಸಿ ಬೊಗಳಿದೆ.”

“ಈಗ ತಾನೆ ಬೂಟು, ಕೆಸರು, ಬಾತುಕೋಳಿ ಅಂದಿರಿ.”

“ತಮಾಷೆಗೆ ಅಂದೆ.”

“ವಿಲ್ಫ್‌ಗೆ ಎರಡು ವಾರ ಇದೆ. ಈಗ ತಾನೆ ಮಂಚ ಹಾಕ್ಸೋಣ ಅಂದಿರಿ ಇಲ್ಲಿ!”

“ಕೂಗಬೇಡ ನನ್ನ ಮನೇಲಿ!” ಅವಳ ಧ್ವನಿ ಒಡೆಯಿತು. “ನಾನು ಊಟ ಆದ್ಮೇಲೆ ಅಂದಾಗ ನೀನು ರಾತ್ರಿ ಅಂತ ಬರ್ಕೊಂಡೆ. ನನ್ನ ಕೇಳಿದ್ಯಾ? ಎಷ್ಟು ಗಂಟೆ ಅಜ್ಜಿ ಅಂತ ಒಂದು ಮಾತು ಕೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತೇ? ಆವತ್ತು ಕೇಳಿದ್ರೆ ಆವತ್ತೇ ಹೇಳ್ತಿದ್ದೆ. ತಟ್ಟೆ ಯಾರದು ಅಂತಾನೂ ಹೇಳ್ತಿದ್ದೆ. ಏನೂ ತಿಳೀದೆ ಹೇಳಿಬಿಡ್ತಿದ್ದೆ. ಈಗ ಬಂದು ಕೇಳ್ತೀಯಾ, ಈ ವಯಸ್ಸಲ್ಲಿ, ಅವನು ನನ್ನ ಕಣ್ಣಿಗೆ ಔಷಧಿ ಹಾಕ್ಕೊಂಡು, ನನ್ನ ಬಟ್ಟೆ ಒಗ್ಕೊಂಡು...”

ಅವಳು ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಲ್ಲ. ಇಪ್ಪತ್ತೆರಡು ವರ್ಷದ ಆ ಹುಡುಗಿಯ ಟೋಪಿ ಹಿಡಿದು, ಕೇಳೇ, ಇನ್ನೊಂದು ಪ್ರಶ್ನೆ ಕೇಳೇ, ಎಂದು ಜಗ್ಗಬೇಕೆನ್ನಿಸಿತು.

ಹಿತ್ತಲ ಬಾಗಿಲು ಸದ್ದಾಯಿತು.

ನೆವಿಲ್ ಗಾಟ್ಸ್ ಅಡುಗೆಮನೆಯ ಹೊಸ್ತಿಲಲ್ಲಿ ನಿಂತಿದ್ದ. ದಿನಾ ಎಂಟಕ್ಕೆ ತಾಯಿಯ ಕಣ್ಣಿಗೆ ಔಷಧಿ ಹಾಕಲು ಬರುತ್ತಾನೆ. ಪುಟ್ಟ ಬಾಟಲಿ ಅವನ ದೊಡ್ಡ ಕೈಯಲ್ಲಿ ಗುಂಡಿಯ ಹಾಗೆ ಕಾಣುತ್ತಿತ್ತು. ಸ್ವೆಟರ್ ತುಂಬ ಮರದ ಹೊಟ್ಟು. ಅವನು ಬಂದು ಎಷ್ಟು ಹೊತ್ತಾಗಿತ್ತೋ.

“ಹೇಳಿಬಿಡಮ್ಮ,” ಎಂದ. ಮೆತ್ತಗೆ.

“ನೀನು ಸುಮ್ನಿರು.”

“ಮಿಸ್ ಕೀಬಲ್‌ಗೆ ಹೇಳಿಬಿಡು. ತಟ್ಟೆ ಅಪ್ಪನದು ಅಂತ.”

ಹೆಟ್ಟಿ ಮಗನ ಮುಖವನ್ನೇ ನೋಡಿದಳು.

ನೆವಿಲ್ ನನ್ನ ಕಡೆ ತಿರುಗಿದ. “ನಮ್ಮಪ್ಪ ಆವತ್ತು ಊಟಕ್ಕೆ ಬರಲಿಲ್ಲ. ಮೂರು ಗಂಟೆ ಮೇಲೆ ಬಂದರು, ಮೊಣಕಾಲವರೆಗೂ ಕೆಸರು. ಆ ಶೆಡ್ಡು ನಮ್ಮ ತಾತನ ಕಾಲದಿಂದ ನಮ್ಮದು. ಆಟಿಂಗ್ ಜೊತೆ ಮಾತಾಡೋಕೆ ಹೋಗಿದ್ರು ಅನ್ಸುತ್ತೆ. ಏನಾಯ್ತೋ ನನಗೆ ಗೊತ್ತಿಲ್ಲ. ನಾನು ಕೇಳಲಿಲ್ಲ, ಅವರು ಹೇಳಲಿಲ್ಲ.”

“ಕೋರ್ಟಲ್ಲಿ ನಿಮ್ಮ ತಾಯಿಯ ಕಾಗದ ಓದಿದಾಗ ನೀವಿದ್ರಿ,” ಎಂದೆ. “ರಾತ್ರಿ ಎಂಟು ಅಂತ ಓದಿದ್ರು. ಅದು ತಪ್ಪು ಅಂತ ನಿಮಗೆ ಗೊತ್ತಾಗಲಿಲ್ವಾ?”

“ಆಯ್ತು. ಓದ್ತಿದ್ದ ಹಾಗೇ ಗೊತ್ತಾಯ್ತು.”

“ಮತ್ತೆ?”

“ಅಪ್ಪ ಬದುಕಿದ್ರಲ್ಲ.”

ಸುಲಭವಾದ ಉತ್ತರ. ನಂಬುವಂಥ ಉತ್ತರ. ಅಪ್ಪನನ್ನು ಉಳಿಸಲು ಸುಮ್ಮನಿದ್ದ ಮಗ, ಆ ಪಾಪಕ್ಕೆ ವರ್ಷ ವರ್ಷವೂ ಜೈಲಿಗೆ ತಂಬಾಕು ಹೊತ್ತ ಮಗ. ಎಲ್ಲ ಸರಿಯಾಗಿ ಹೊಂದುತ್ತಿತ್ತು.

“ಬರ್ಕೊಳ್ಳಿ, ಮಿಸ್ ಕೀಬಲ್,” ಎಂದ ನೆವಿಲ್. “ಅಪ್ಪ ಮಣ್ಣಿಗೆ ಹೋಗಿ ಹನ್ನೊಂದು ವರ್ಷ. ಅವರನ್ನ ಇನ್ಯಾರೂ ಜೈಲಿಗೆ ಹಾಕೋಕಾಗಲ್ಲ. ವಿಲ್ಫ್ ಊರಿಗೆ ಬರಲಿ. ಅಮ್ಮ ಸಹಿ ಹಾಕ್ತಾಳೆ. ಹಾಕಮ್ಮ. ಇದರಿಂದ ಯಾರಿಗೂ ನೋವಾಗಲ್ಲ.”

ಪೆನ್ನು ಎತ್ತಿಕೊಂಡೆ. ಮೊದಲ ಸಾಲು ಬರೆದೆ, ‘ಮಧ್ಯಾಹ್ನ ಊಟ ಆದ ಮೇಲೆ’. ಮುಂದಿನ ಸಾಲಿಗೆ ನೆವಿಲ್‌ನ ಅಪ್ಪನ ಹೆಸರು, ಬರ್ಟ್ ಗಾಟ್ಸ್ ಅಂತ ಬರೆದರೆ ಮುಗಿಯಿತು. ನಾಳೆ ಹತ್ತಕ್ಕೆ ವಕೀಲೆಯ ಮೇಜಿನ ಮೇಲೆ. ಈ ಕಿಟಕಿಯ ಪಕ್ಕ ವಿಲ್ಫ್‌ನ ಮಂಚ, ಹೊರಗೆ ಅವನ ತೋಡು. ದೇವರೇ, ಎಷ್ಟು ಬೇಕಾಗಿತ್ತು ನನಗೆ ಅದು! ಅವನಿಗಾಗಿ ಅಂತ ಹೇಳಿಕೊಂಡರೂ, ಅರ್ಧಕ್ಕಿಂತ ಹೆಚ್ಚು ನನಗಾಗಿಯೇ ಬೇಕಾಗಿತ್ತು.

‘ಬರ್ಟ್’ ಎಂದು ಬರೆದೆ.

“ಸಾಕು ನಿಲ್ಸು,” ಎಂದಳು ಹೆಟ್ಟಿ.

ಅವಳು ಗಂಡನ ಕೋಟನ್ನು ಎರಡೂ ಕೈಯಿಂದ ಕುತ್ತಿಗೆಯ ಹತ್ತಿರ ಬಿಗಿಯಾಗಿ ಹಿಡಿದುಕೊಂಡಿದ್ದಳು. ಕಣ್ಣಲ್ಲಿ ನೀರಿತ್ತು, ಆದರೆ ಮಾತು ನಡುಗಲಿಲ್ಲ. ಮಗನನ್ನು ಬೈಯುವ ಧ್ವನಿಯೂ ಅಲ್ಲ ಅದು. ಮೇಜಿನ ಮುಂದೆ ಕೂತ ಚಿಕ್ಕ ಹುಡುಗನನ್ನು ಕೇಳಿದ ಹಾಗಿತ್ತು.

“ಭಾನುವಾರದ ಮಾಂಸ ಕೊಯ್ದು ಬಡಿಸೋಕೆ ಈ ಮನೇಲಿ ನಿಮ್ಮಪ್ಪ ಇನ್ನೊಬ್ಬರ ಕೈಗೆ ಚಾಕು ಕೊಟ್ಟದ್ದುಂಟೇನೋ? ಬರ್ಟ್ ಆವತ್ತು ಊಟಕ್ಕೆ ಇರಲಿಲ್ಲ ಅಂದ್ರೆ, ಕುರಿ ತೊಡೆ ಕೊಯ್ದು ನನ್ನ ತಟ್ಟೆಗೆ ಹಾಕಿದ್ದು ಯಾರು, ನೆವಿಲ್?”